ನಕ್ಷೆ ಸಿದ್ಧವಾಗುವ ಮುನ್ನ: ದಾವಣಗೆರೆ–ಹರಿಹರ ಪ್ರದೇಶ ಯೋಜನೆಯಲ್ಲಿ ಜನರ ಪಾಲು

ಒಂದು ಊರು ಉಣ್ಣುವ ಅನ್ನ, ಕುಡಿಯುವ ನೀರು, ಹೊರಹಾಕುವ ಕೊಳಚೆ, ದುಡಿಮೆಗಾಗಿ ದಿನವೂ ಬಂದುಹೋಗುವ ಜನ ಇವೆಲ್ಲ ಎಲ್ಲಿಂದ ಬಂದು ಎಲ್ಲಿಗೆ ಸೇರುತ್ತವೆಯೋ ಅಷ್ಟೂ ನೆಲವನ್ನು ಒಟ್ಟಾಗಿ ನೋಡಿ, ಮುಂದಿನ ಒಂದೆರಡು ದಶಕಗಳಲ್ಲಿ ಯಾವ ಭೂಮಿ ಯಾವ ಬಳಕೆಗೆ ಎಂದು ನಿರ್ಧರಿಸುವ ಕೆಲಸವನ್ನು ಪ್ರದೇಶ ಯೋಜನೆ ಎನ್ನಲಾಗುತ್ತದೆ. ಈ ಅರ್ಥದಲ್ಲಿ ನೋಡಿದರೆ, ಹಳೆಯ ಪುಣೆ–ಬೆಂಗಳೂರು ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್ ಅಂತರದಲ್ಲಿರುವ ದಾವಣಗೆರೆ ಮತ್ತು ಹರಿಹರ ಎರಡು ಪ್ರತ್ಯೇಕ ಊರುಗಳಾಗಿ ಉಳಿದಿಲ್ಲ. 2011ರ ಜನಗಣತಿಯಲ್ಲಿ ಸುಮಾರು 4.35 ಲಕ್ಷ ಜನರಿದ್ದ ದಾವಣಗೆರೆ ತನ್ನ ಕುಡಿಯುವ ನೀರಿನ ಒಂದು ಪಾಲನ್ನು ಹರಿಹರದ ಸಮೀಪದ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿಕೊಳ್ಳುತ್ತದೆ; ಆಗ ಸುಮಾರು 83 ಸಾವಿರ ಜನರಿದ್ದ ಹರಿಹರ ಆಸ್ಪತ್ರೆಗೂ ಕಾಲೇಜಿಗೂ ದಾವಣಗೆರೆಯತ್ತ ಮುಖ ಮಾಡುತ್ತದೆ. ಎರಡಕ್ಕೂ ಸೇರಿ ಒಂದೇ ನಗರಾಭಿವೃದ್ಧಿ ಪ್ರಾಧಿಕಾರ, ಜನರ ಮಾತಿನಲ್ಲಿ ದೂಡಾ, ಇರುವುದು ಈ ಕಾರಣಕ್ಕೇ.

ಇಂಥ ಪ್ರಾಧಿಕಾರವು ಮಹಾಯೋಜನೆಯನ್ನು, ಅಂದರೆ ಪ್ರತಿಯೊಂದು ಸರ್ವೆ ನಂಬರಿಗೂ ವಸತಿ, ವಾಣಿಜ್ಯ, ಕೈಗಾರಿಕೆ, ಕೃಷಿ ಎಂದು ಬಳಕೆಯನ್ನು ಗೊತ್ತುಪಡಿಸುವ ನಕ್ಷೆ ಮತ್ತು ನಿಯಮಗಳ ಸಂಪುಟವನ್ನು, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಅಡಿಯಲ್ಲಿ ಸಿದ್ಧಪಡಿಸುತ್ತದೆ. ಸರ್ಕಾರ ತಾತ್ಕಾಲಿಕ ಒಪ್ಪಿಗೆ ಕೊಟ್ಟ ಬಳಿಕ ಅದನ್ನು ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆ ಮತ್ತು ಸಲಹೆಗಳಿಗೆ 60 ದಿನಗಳ ಅವಕಾಶ ನೀಡಬೇಕೆಂದು ಕಾಯ್ದೆ ಹೇಳುತ್ತದೆ. ಆದರೆ ಆ ಹೊತ್ತಿಗೆ ಬಣ್ಣ ತುಂಬಿಯಾಗಿರುತ್ತದೆ, ವರ್ತುಲ ರಸ್ತೆಯ ಗೆರೆ ಎಳೆದಾಗಿರುತ್ತದೆ. ನಾಗರಿಕನಿಗೆ ಉಳಿಯುವುದು ತನ್ನ ಜಮೀನು ಯಾವ ಬಣ್ಣದಲ್ಲಿದೆ ಎಂದು ಹುಡುಕಿ ತಕರಾರು ಅರ್ಜಿ ಬರೆಯುವ ಕೆಲಸ ಮಾತ್ರ. ಸಹಜವಾಗಿಯೇ ಅರ್ಜಿ ಬರೆಯುವವರು ಜಮೀನುಳ್ಳವರು, ಅದರಲ್ಲೂ ಬಣ್ಣ ಬದಲಾದರೆ ಬೆಲೆ ಏರುವವರು. ಅಮೆರಿಕದ ಶೆರ್ರಿ ಆರ್ನ್‌ಸ್ಟೀನ್ 1969ರಲ್ಲಿ ನಾಗರಿಕ ಸಹಭಾಗಿತ್ವವನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ಚಿತ್ರಿಸಿ, ಕೇಳಿಸಿಕೊಂಡಂತೆ ಮಾಡಿ ಕೈಬಿಡುವ ಸಮಾಲೋಚನೆಯನ್ನು ತೋರಿಕೆಯ ಮೆಟ್ಟಿಲುಗಳ ಸಾಲಿಗೆ ಸೇರಿಸಿದ್ದರು. 60 ದಿನಗಳ ನೋಟಿಸು ಆ ಸಾಲನ್ನು ದಾಟಿದ್ದು ಅಪರೂಪ.

ಈ ತಡದ ಬೆಲೆ ಭದ್ರಾ ಅಚ್ಚುಕಟ್ಟಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಲಕ್ಕವಳ್ಳಿಯ ಜಲಾಶಯದಿಂದ ಹೊರಟ ಭದ್ರಾ ನಾಲೆಯ ನೀರು ಉಪನಾಲೆಗಳಲ್ಲಿ ಒಡೆದು, ಹೊಲಗಾಲುವೆಗಳ ಮೂಲಕ ದಾವಣಗೆರೆ, ಹರಿಹರ, ಮಲೇಬೆನ್ನೂರು ಸೀಮೆಯ ಭತ್ತದ ಗದ್ದೆಗಳನ್ನು ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ‘ಕೊನೆ ಭಾಗದ ರೈತರು’ ಎಂಬ ಮಾತು ಇಲ್ಲಿ ಒಂದು ಸಾಮಾಜಿಕ ವರ್ಗದ ಹೆಸರೇ ಆಗಿಬಿಟ್ಟಿದೆ. ನೀರಾವರಿ ಸಲಹಾ ಸಮಿತಿ ಎಷ್ಟು ದಿನ ನೀರು, ಎಷ್ಟು ದಿನ ಬಂದ್ ಎಂದು ನಿಗದಿ ಮಾಡುವ ಆನ್–ಆಫ್ ಪದ್ಧತಿಯ ಮೇಲೆ ಅವರ ಬೆಳೆ ನಿಂತಿದೆ. ಇಂಥ ನೆಲದಲ್ಲಿ ನಗರದಂಚಿನ ನಾಲ್ಕೆಂಟು ಎಕರೆ ಗದ್ದೆ ಬಡಾವಣೆಯಾದರೆ ನಕ್ಷೆಯಲ್ಲಿ ಆಗುವುದು ಒಂದು ಬಣ್ಣದ ಬದಲಾವಣೆ. ನೆಲದ ಮೇಲಾದರೋ ಆ ಗದ್ದೆಯನ್ನು ಹಾದು ಕೆಳಗಿನವರಿಗೆ ನೀರು ಒಯ್ಯುತ್ತಿದ್ದ ಹೊಲಗಾಲುವೆ ಮುಚ್ಚುತ್ತದೆ, ಇಲ್ಲವೇ ಬಡಾವಣೆಯ ಕೊಳಚೆ ಹರಿಯುವ ಚರಂಡಿಯಾಗುತ್ತದೆ. ಭೂ ಉಪಯೋಗ ಬದಲಾವಣೆಯ ಪ್ರಕಟಣೆಯಲ್ಲಿ ಕಾಣುವುದು ಬದಲಾಗುವ ಜಮೀನಿನ ಸರ್ವೆ ನಂಬರು, ಕೆಳಗಿನ ಗದ್ದೆಯದ್ದಲ್ಲ. ಯಾವ ಕಾಲುವೆ ಯಾರ ಹೊಲಕ್ಕೆ ಹೋಗುತ್ತದೆ, ಯಾವ ತಿಂಗಳು ಯಾವ ತಗ್ಗು ಜೌಗಾಗುತ್ತದೆ ಎಂಬುದನ್ನು ಕಚೇರಿಯ ಕಡತಕ್ಕಿಂತ ನಿಖರವಾಗಿ ಬಲ್ಲವರು ನೀರುಗಂಟಿಗಳು ಮತ್ತು ರೈತರೇ. ನಕ್ಷೆ ಬರೆಯುವ ಮೊದಲ ದಿನದಿಂದ ಅವರ ತಿಳಿವಳಿಕೆ ಬೇಕು.

ಎರಡನೆಯ ತೊಡಕು ಗಡಿಯದು. ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ನೆಲೆಗೊಂಡ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಹೆಸರಿನಲ್ಲಿ ಹರಿಹರವಿದೆ, ಆದರೆ ಅದು ನಿಂತ ನೆಲ ರಾಣೆಬೆನ್ನೂರು ತಾಲ್ಲೂಕಿನದು, ಅಂದರೆ ಬೇರೆ ಜಿಲ್ಲೆಯದು. 1980ರ ದಶಕದಲ್ಲಿ ಕಾರ್ಖಾನೆಯ ತ್ಯಾಜ್ಯದ ವಿರುದ್ಧ ನದಿಪಾತ್ರದ ಹಳ್ಳಿಗಳು ಎದ್ದು ನಿಂತಾಗ ದಡಗಳ ಆಡಳಿತ ಬೇರೆಯಾಗಿದ್ದರೂ ನದಿ ಒಂದೇ ಆಗಿತ್ತು. ಕಾರ್ಖಾನೆಗೆ ಬೇಕಾದ ಕಟ್ಟಿಗೆಗಾಗಿ 1984ರಲ್ಲಿ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮದೊಂದಿಗೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿ ಹುಟ್ಟಿ, ಹಳ್ಳಿಗರು ದನ ಮೇಯಿಸಲು, ಸೌದೆ ತರಲು ನೆಚ್ಚಿದ್ದ ಸಿ ಮತ್ತು ಡಿ ದರ್ಜೆಯ ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆ ರೂಪಿಸಿತು. ಪ್ರದೇಶ ಯೋಜನೆ ಎಂಬ ಹೆಸರು ಅದಕ್ಕಿರಲಿಲ್ಲ, ಆದರೆ ಅಷ್ಟು ದೊಡ್ಡ ಭೂಬಳಕೆಯ ನಿರ್ಧಾರ ಇನ್ನೇನು? ಸಮಾಜ ಪರಿವರ್ತನ ಸಮುದಾಯ, ಕೋಟ ಶಿವರಾಮ ಕಾರಂತ ಮೊದಲಾದವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಆ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹದ ಎರಡನೆಯ ಪದವೇ ಹೆಚ್ಚು ಗಮನಾರ್ಹ: ಆ ನೆಲಕ್ಕೆ ಜನರ ಬಳಿ ತಮ್ಮದೇ ಯೋಜನೆಯಿತ್ತು. 1991ರಲ್ಲಿ ಕಂಪನಿ ಮುಚ್ಚಿತು. ಮೊದಲೇ ಕೇಳಿದ್ದರೆ ಏಳು ವರ್ಷಗಳ ಜಗಳ ಉಳಿಯುತ್ತಿತ್ತು.

ಕೇಳದೆ ಇದ್ದರೂ ಜನರೇ ಮೊದಲು ಮಾತಾಡಿದ ಪ್ರಸಂಗವೂ ಇದೇ ಸೀಮೆಯಲ್ಲಿದೆ. ನಾಲೆಯ ನೀರು ಏರದ ಹಳ್ಳಿಗಳ ಜನ ಸಿರಿಗೆರೆ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಯವರ ಬೆಂಬಲದೊಂದಿಗೆ ಒತ್ತಾಯಿಸಿದ ಫಲವಾಗಿ, ರಾಜನಹಳ್ಳಿಯ ಬಳಿ ತುಂಗಭದ್ರೆಯಿಂದ ನೀರೆತ್ತಿ 22 ಕೆರೆಗಳನ್ನು ತುಂಬಿಸುವ ಏತ ನೀರಾವರಿ ಯೋಜನೆ ಬಂತು. ಜಗಳೂರು ಸೀಮೆಯ 57 ಕೆರೆಗಳ ಯೋಜನೆ ಅದೇ ಹಾದಿಯಲ್ಲಿ ನಡೆಯಿತು. ಕೆರೆ ತುಂಬಿದರೆ ಸುತ್ತಲ ಕೊಳವೆಬಾವಿಗಳಿಗೆ ಜೀವ ಬರುತ್ತದೆ ಎಂಬ ಅರಿವು ಹಳ್ಳಿಗಳಲ್ಲಿ ಮೊದಲೇ ಇತ್ತು. ಆದರೆ ಮಠದ ವರ್ಚಸ್ಸು ಇಲ್ಲದ ಸಮುದಾಯಗಳ ಬೇಡಿಕೆ ಅಷ್ಟೇ ದೂರ ಹೋಗುತ್ತಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಯೋಜನೆಯಲ್ಲಿ ಜನರ ಪಾಲು ಯಾರದೋ ವರ್ಚಸ್ಸನ್ನು ಆಶ್ರಯಿಸದಂತೆ ನೋಡಿಕೊಳ್ಳಬೇಕಾದದ್ದು ಕಾನೂನು.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಹರಿತವಾಗುತ್ತದೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳಲ್ಲಿ ದಾವಣಗೆರೆ ಆಯ್ಕೆಯಾದಾಗ, ಭಟ್ಟಿ ಪ್ರದೇಶದ ಪುನರಾಭಿವೃದ್ಧಿಯೂ ಪ್ರಸ್ತಾವದಲ್ಲಿತ್ತು. ಹೊಗೆ ಕಡಿಮೆಯಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮಂಡಕ್ಕಿ ಎಂದರೆ ಒಲೆಯೊಂದೇ ಅಲ್ಲ: ಭತ್ತ ನೆನೆಸುವ ತೊಟ್ಟಿ, ಬೇಯಿಸಿ ಹರವಿ ಒಣಗಿಸುವ ಕಣ, ಕಾದ ಮರಳಿನಲ್ಲಿ ಹುರಿಯುವ ಭಟ್ಟಿ, ಚೀಲ ಪೇರಿಸುವ ಗೋದಾಮು, ಮನೆಯಿಂದ ನಡೆದು ಬರುವ ದೂರದಲ್ಲಿರುವ ಕೆಲಸಗಾರರು. ಒಲೆಯನ್ನು ಮಾತ್ರ ಸುಧಾರಿಸಿ ಕಣವನ್ನು ಮರೆತ ನಕ್ಷೆಯಿಂದ ಆ ಕಸುಬು ಬದುಕದು. ಅದರ ಮೇಲೆ, ಸ್ಮಾರ್ಟ್ ಸಿಟಿಯ ಕೆಲಸಗಳನ್ನು ನಡೆಸಿದ್ದು ರಾಜ್ಯ ಸರ್ಕಾರ ಮತ್ತು ಪಾಲಿಕೆ ಸಮಪಾಲು ಹೊಂದಿದ ಕಂಪನಿ. ವಾರ್ಡಿನ ಮತದಾರ ತನ್ನ ಸದಸ್ಯನನ್ನು ಪ್ರಶ್ನಿಸುವಂತೆ ಕಂಪನಿಯ ಆಡಳಿತ ಮಂಡಳಿಯನ್ನು ಪ್ರಶ್ನಿಸಲಾರ.

ಹೊಸ ಕಾನೂನಿಗಾಗಿ ಕಾಯಬೇಕಿಲ್ಲ. ಸಂವಿಧಾನದ 74ನೆಯ ತಿದ್ದುಪಡಿ ಹಳ್ಳಿ ಮತ್ತು ನಗರಗಳ ಯೋಜನೆಗಳನ್ನು ಹೊಂದಿಸಲು ಜಿಲ್ಲಾ ಯೋಜನಾ ಸಮಿತಿಯನ್ನು ವಿಧಿಸಿ, ಅದರ ಸದಸ್ಯರಲ್ಲಿ ಕನಿಷ್ಠ ಐದರಲ್ಲಿ ನಾಲ್ಕು ಪಾಲು ಚುನಾಯಿತರಿರಬೇಕೆಂದಿದೆ. 3 ಲಕ್ಷಕ್ಕೆ ಮೇಲ್ಪಟ್ಟ ನಗರಗಳಿಗೆ ವಾರ್ಡ್ ಸಮಿತಿಗಳನ್ನೂ ಹೇಳಿದೆ. ಯೋಜನೆಗೆ ಮೊದಲು ಸಮೀಕ್ಷೆ ಎಂದು ಸಾರಿದ ಪ್ಯಾಟ್ರಿಕ್ ಗೆಡ್ಡೆಸ್ ನೂರು ವರ್ಷಗಳ ಹಿಂದೆಯೇ ಭಾರತದ ಊರುಗಳ ಓಣಿಗಳಲ್ಲಿ ನಡೆದು ವರದಿ ಬರೆದಿದ್ದರು. 1996ರಲ್ಲಿ ಕೇರಳ ತನ್ನ ಯೋಜನಾ ಹಣದ ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟು, ಗ್ರಾಮಸಭೆಗಳಿಂದಲೇ ಜನಕೀಯ ಯೋಜನೆಯನ್ನು ಆರಂಭಿಸಿತು. ದಾವಣಗೆರೆ–ಹರಿಹರದ ಮಟ್ಟಿಗೆ ಆಗಬೇಕಾದದ್ದು ಇಷ್ಟು: ಮಹಾಯೋಜನೆಯ ಮುಂದಿನ ಪರಿಷ್ಕರಣೆಗೆ ಮೊದಲ ಗೆರೆ ಬೀಳುವ ಒಂದು ವರ್ಷ ಮುಂಚೆ, ಪಾಲಿಕೆಯ 45 ವಾರ್ಡುಗಳಲ್ಲಿ, ಹರಿಹರ ನಗರಸಭೆಯಲ್ಲಿ ಮತ್ತು ಯೋಜನಾ ಪ್ರದೇಶದ ಪ್ರತಿ ಗ್ರಾಮಸಭೆಯಲ್ಲಿ ಹೊಲಗಾಲುವೆ, ಕೆರೆ, ಕಣ, ಸಂತೆಮಾಳಗಳನ್ನು ಜನರಿಂದಲೇ ಗುರುತಿಸಿ ಮೂಲ ನಕ್ಷೆಯ ಮೇಲೆ ಹಾಕುವುದು, ನದಿಯ ಆಚೆ ದಡದ ಪಂಚಾಯಿತಿಗಳನ್ನೂ ಆ ಸಭೆಗಳಿಗೆ ಕರೆಯುವುದು, ಅಲ್ಲಿ ಬಂದ ಸಲಹೆಯನ್ನು ಕೈಬಿಟ್ಟರೆ ಏಕೆಂದು ಕನ್ನಡದಲ್ಲಿ ಬರೆದು ಅದೇ ಸಭೆಯ ಮುಂದಿಡುವುದು.