ಇಂದಿನ ಪಾಠ ಇಂದೇ ಮಗುವಿನ ಕೈಸೇರಲಿ

(ಸಂಘದ ಶಿಕ್ಷಕರು, ಪೋಷಕರು ಮತ್ತು ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಮುದಾಯದ ಶೈಕ್ಷಣಿಕ ಪ್ರಗತಿಯ ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಿದ್ದರು. ವಿಷಯ ಬಹಳ ದೊಡ್ಡದು. 2006ರಲ್ಲಿ ಸಾಚಾರ್ ಸಮಿತಿಯ ವರದಿ ಬಂದಂದಿನಿಂದ ನಮ್ಮ ವೇದಿಕೆಗಳಲ್ಲಿ ಅದರ ಬಗ್ಗೆ ಮಾತು ನಿಂತದ್ದೇ ಇಲ್ಲ. ಆದ್ದರಿಂದ ಅವರ ಅನುಮತಿ ಪಡೆದು ನಾನು ತೀರಾ ಚಿಕ್ಕ ವಿಷಯವೊಂದನ್ನು ಆರಿಸಿಕೊಂಡಿದ್ದೇನೆ. ಆರು, ಏಳು, ಎಂಟನೆಯ ತರಗತಿಗಳ ಇಂಗ್ಲಿಷ್ ಪೀರಿಯಡ್ಡು, ಅಂದರೆ ದಿನದ ನಲವತ್ತು ನಿಮಿಷ. ಮತ್ತು ಅದರ ಬಾಲವಾಗಿ ಮನೆಗೆ ಬರುವ ಹೋಂವರ್ಕು. ಇಷ್ಟೇ.

ಈ ಮೂರು ತರಗತಿಗಳೇ ಏಕೆ ಎಂದು ನೀವು ಕೇಳಬಹುದು. ನಮ್ಮ ರಾಜ್ಯದ ಸರಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಅಲ್ಲಿ ಹಾಡು, ಚಿತ್ರ, ಅಕ್ಷರ ಎಲ್ಲ ಆಗುತ್ತದೆ. ಎಂಟು ದಾಟಿದ ಮೇಲೆ ಎಸ್ಸೆಸ್ಸೆಲ್ಸಿಯ ಭಯ ಹಿಡಿಯುತ್ತದೆ. ಆಗ ಭಾಷೆ ಕಲಿಯುವ ಪುರುಸೊತ್ತು ಯಾರಿಗೂ ಇರುವುದಿಲ್ಲ, ಉತ್ತರ ಬಾಯಿಪಾಠ ಮಾಡುವುದೇ ಕೆಲಸ. ಕನ್ನಡ ಮಾಧ್ಯಮದಲ್ಲಿ ಒಳ್ಳೆಯ ಅಂಕ ತೆಗೆದ ಮಗು ಪಿಯುಸಿ ವಿಜ್ಞಾನಕ್ಕೆ ಸೇರಿದೊಡನೆ ಇಂಗ್ಲಿಷಿನ ಭೌತಶಾಸ್ತ್ರದ ಪುಸ್ತಕ ಕೈಗೆ ಬರುತ್ತದೆ. ವಿಷಯ ಗೊತ್ತು, ವಾಕ್ಯ ಗೊತ್ತಿಲ್ಲ. ಎಷ್ಟೋ ಮಕ್ಕಳು ಅಲ್ಲಿಯೇ ವಿಜ್ಞಾನ ಬಿಟ್ಟು ಬರುತ್ತಾರೆ, ತಾವು ದಡ್ಡರೆಂದು ತಿಳಿದುಕೊಂಡು. ಅವರು ದಡ್ಡರಲ್ಲ. ಒಂದು ಪ್ಯಾರಾವನ್ನು ತಾನೇ ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಏಳನೆಯ ತರಗತಿಯಲ್ಲಿ ಬರಬೇಕಿತ್ತು, ಬರಲಿಲ್ಲ.

ಇಲ್ಲಿ ಹಳೆಯ ಕಾಲದ ಒಬ್ಬರನ್ನು ನೆನಪಿಸಬೇಕು. ಮೈಕೇಲ್ ವೆಸ್ಟ್ ಎಂಬ ಇಂಗ್ಲಿಷ್ ಶಿಕ್ಷಣಾಧಿಕಾರಿ ನೂರು ವರ್ಷಗಳ ಹಿಂದೆ ಬಂಗಾಳದ ಢಾಕಾದಲ್ಲಿ ಕೆಲಸ ಮಾಡುತ್ತಿದ್ದರು. 1926ರಲ್ಲಿ ಬಂಗಾಳದ ದ್ವಿಭಾಷಾ ಸಮಸ್ಯೆಯ ಮೇಲೆ ಅವರ ಪುಸ್ತಕ ಪ್ರಕಟವಾಯಿತು. ಅವರ ಪ್ರಶ್ನೆ ಬಹಳ ಸರಳ: ಶಾಲೆಯನ್ನು ಪೂರ್ತಿ ಮುಗಿಸುವ ಮಗುವಿಗೆ ಲಾಭವಿದೆ ಸರಿ, ನಡುವೆಯೇ ಬಿಟ್ಟುಹೋಗುವ ಮಗುವಿನ ಕೈಯಲ್ಲಿ ಏನು ಉಳಿಯುತ್ತದೆ? ಇದಕ್ಕೆ ಅವರು ವಿಮೆಯ ಮಾತನ್ನು ಬಳಸಿದರು, ಸರೆಂಡರ್ ವ್ಯಾಲ್ಯೂ ಎಂದು. ಕಂತನ್ನು ಅರ್ಧಕ್ಕೆ ನಿಲ್ಲಿಸಿದವನಿಗೆ ಹಿಂದಕ್ಕೆ ಸಿಗುವ ಹಣ. (ವಿಮೆ ಹಲಾಲೋ ಹರಾಮೋ ಎಂಬ ಚರ್ಚೆಯನ್ನು ಇನ್ನೊಂದು ಸಭೆಗೆ ಬಿಡೋಣ.) ನಡುವೆ ಬಿಡುವ ಮಗುವಿಗೂ ಕೈಯಲ್ಲಿ ಉಳಿಯುವಂಥದ್ದು ಓದುವ ಶಕ್ತಿ, ಆದ್ದರಿಂದ ಮೊದಲು ಓದು ಬರಲಿ ಎಂಬುದು ಅವರ ವಾದ.

ಈ ಪ್ರಶ್ನೆಯನ್ನು ನಮ್ಮ ಮನೆಗಳಿಗೆ ತಂದು ನೋಡಿ. ನಮ್ಮಲ್ಲಿ ಹತ್ತನೆಯ ತರಗತಿಗೆ ನಿಲ್ಲಿಸಲ್ಪಟ್ಟ ಹೆಣ್ಣುಮಕ್ಕಳು ಎಷ್ಟು ಮಂದಿ ಇದ್ದಾರೆಂದು ಇಲ್ಲಿ ಕುಳಿತಿರುವ ತಾಯಂದಿರಿಗೆ ನನಗಿಂತ ಚೆನ್ನಾಗಿ ಗೊತ್ತು. ನಿಲ್ಲಿಸಬೇಡಿ ಎನ್ನುವುದು ಬೇರೆಯೇ ಮಾತು, ಅದನ್ನು ನಾವು ಹೇಳುತ್ತಲೇ ಇರಬೇಕು. ಆದರೆ ಹಾಗೆ ನಿಂತ ಹುಡುಗಿಗೆ ಔಷಧಿಯ ಪೊಟ್ಟಣದ ಮೇಲಿನ ಬರಹ, ಬ್ಯಾಂಕಿನ ಅರ್ಜಿ, ನಾಳೆ ಅವಳ ಮಗುವಿನ ಶಾಲೆಯ ನೋಟೀಸು, ಇಷ್ಟನ್ನಾದರೂ ಓದಲು ಬರುತ್ತದೆಯೇ? ಬರದಿದ್ದರೆ ಅವಳು ಬರೆದು ತುಂಬಿಸಿದ ಹತ್ತಾರು ಇಂಗ್ಲಿಷ್ ನೋಟುಪುಸ್ತಕಗಳು ಎಲ್ಲಿಗೆ ಹೋದವು?

ಆ ನೋಟುಪುಸ್ತಕಗಳನ್ನು ನೀವು ನೋಡಿರುತ್ತೀರಿ. ಅಂದವಾದ ಅಕ್ಷರ, ಸ್ಕೇಲಿನಿಂದ ಎಳೆದ ಗೆರೆ, ಪ್ರತಿ ಪುಟದಲ್ಲೂ ಕೆಂಪು ಶಾಯಿಯ ರೈಟ್ ಮಾರ್ಕು. ಒಳಗಿರುವುದು ಗೈಡಿನಿಂದ ಇಳಿಸಿದ ಪ್ರಶ್ನೋತ್ತರ. ಈಗ ಗೈಡೂ ಬೇಡ. ಪ್ರಶ್ನೆಯ ಫೋಟೋ ತೆಗೆದರೆ ಮೊಬೈಲೇ ಉತ್ತರ ಕೊಡುತ್ತದೆ. ಹೋಂವರ್ಕಿಗೆ ನಾನು ಹಾಕುವ ಪರೀಕ್ಷೆ ಒಂದೇ. ಒಂದು ಪದದ ಅರ್ಥವೂ ಗೊತ್ತಿಲ್ಲದೆ ಮಗು ಇದನ್ನು ಮಾಡಿ ಮುಗಿಸಬಹುದೇ? ಮುಗಿಸಬಹುದಾದರೆ ಅದು ಬೆರಳಿಗೆ ಕೊಟ್ಟ ಕೆಲಸ, ಇಂಗ್ಲಿಷಿನ ಕೆಲಸವಲ್ಲ.

ಅಧ್ಯಾಪಕರನ್ನು ದೂರಲು ನಾನು ನಿಂತಿಲ್ಲ. ಲೆಕ್ಕ ಹಾಕಿ. ತರಗತಿಯಲ್ಲಿ 40 ಮಕ್ಕಳು, ಒಂದು ಪುಸ್ತಕವನ್ನು ಓದಿ ತಿದ್ದಲು ಮೂರು ನಿಮಿಷ ಎಂದರೂ 120 ನಿಮಿಷ. ದಿನಕ್ಕೆ ನಾಲ್ಕೈದು ತರಗತಿ ಇರುವ ಅಧ್ಯಾಪಕಿ ರೈಟ್ ಮಾರ್ಕು ಹಾಕದೆ ಇನ್ನೇನು ಮಾಡಿಯಾರು? ಅದರ ಬದಲು ದಿನಕ್ಕೆ ಎಂಟು ಪುಸ್ತಕ ಮಾತ್ರ, ಆದರೆ ಪೂರ್ತಿ ಓದಿ, ಮಗುವನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ತಿದ್ದಿದರೆ ಐದು ದಿನದಲ್ಲಿ 40 ಆಗುತ್ತದೆ. ಉಳಿದ 32 ಪುಸ್ತಕಗಳನ್ನು ಆ ದಿನ ಮಕ್ಕಳೇ ಅದಲುಬದಲು ಮಾಡಿಕೊಂಡು ಬೋರ್ಡು ನೋಡಿ ತಿದ್ದಲಿ. ಪೋಷಕರಾದ ನೀವೂ ಪ್ರತಿ ಪುಟದಲ್ಲಿ ಸಹಿ ಹುಡುಕುವುದನ್ನು ಬಿಡಬೇಕು. ನಮ್ಮ ಶಾಲೆಗಳಲ್ಲಿ ಅರ್ಧ ತಿದ್ದುಪಡಿ ನಡೆಯುವುದು ನಿಮ್ಮ ದೂರಿಗೆ ಹೆದರಿ.

ಇನ್ನು ದಿನದ ಪಾಠ ಹೇಗಿರಬೇಕು? ಇದಕ್ಕೆ ದೂರ ಹೋಗಬೇಕಿಲ್ಲ. ಹಿಫ್ಝ್ ಮಾಡುವ ಮಗುವನ್ನು ನೀವೆಲ್ಲ ಕಂಡಿದ್ದೀರಿ. ಅದರ ದಿನದಲ್ಲಿ ಮೂರು ಭಾಗ. ಇಂದಿನ ಹೊಸ ಪಾಠ ಸಬಕ್. ಅದು ಚಿಕ್ಕದು, ಕೆಲವೇ ಸಾಲು. ಕಳೆದ ಕೆಲವು ದಿನಗಳ ಪಾಠವನ್ನು ಮತ್ತೆ ಒಪ್ಪಿಸುವುದು ಸಬ್ಕಿ. ಬಹಳ ಹಿಂದೆ ಕಲಿತದ್ದನ್ನು ಸರದಿಯಂತೆ ಮತ್ತೆ ಓದುವುದು ಮಂಝಿಲ್. ಊರಿನಿಂದ ಊರಿಗೆ ಹೆಸರು ಬದಲಾಗಬಹುದು, ಕ್ರಮ ಒಂದೇ. ನಿನ್ನೆಯದು ಸರಿಯಾಗದೆ ಉಸ್ತಾದರು ಇಂದಿನದನ್ನು ಕೊಡುವುದಿಲ್ಲ. 1885ರಲ್ಲಿ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ತನ್ನ ಮೇಲೆಯೇ ಪ್ರಯೋಗ ನಡೆಸಿ, ಕಲಿತದ್ದರಲ್ಲಿ ಹೆಚ್ಚಿನದು ಮೊದಲ ದಿನವೇ ಮರೆತುಹೋಗುತ್ತದೆ, ಬಿಟ್ಟು ಬಿಟ್ಟು ಮೆಲುಕು ಹಾಕಿದರೆ ನಿಲ್ಲುತ್ತದೆ ಎಂದು ತೋರಿಸಿದ. ನಮ್ಮ ಹಿಫ್ಝ್ ತರಗತಿಗಳು ಅದನ್ನು ಅವನಿಗಿಂತ ಎಷ್ಟೋ ಮೊದಲೇ ಬಳಸುತ್ತಿದ್ದವು. ಬೆಳಿಗ್ಗೆ ಮದ್ರಸದಲ್ಲಿ ಹೀಗೆ ಕಲಿಯುವ ಮಗುವೇ ಹತ್ತು ಗಂಟೆಗೆ ಶಾಲೆಯಲ್ಲಿ ಕುಳಿತು, ಮೂರನೆಯ ಪಾಠ ಮುಗಿಯಿತು, ಇನ್ನು ನಾಲ್ಕನೆಯದು ಎನ್ನುವ ಓಟಕ್ಕೆ ಸಿಕ್ಕಿಬೀಳುತ್ತದೆ. ಮೂರನೆಯದನ್ನು ಮತ್ತೆ ಕಾಣುವುದು ಪರೀಕ್ಷೆಯ ಹಿಂದಿನ ರಾತ್ರಿ.

ನಲವತ್ತು ನಿಮಿಷವನ್ನು ಇದೇ ಕ್ರಮದಲ್ಲಿ ಹಂಚಬಹುದು. ಮೊದಲ ಹತ್ತು ನಿಮಿಷ ನಿನ್ನೆಯ ನಾಲ್ಕು ಪದ, ನಿನ್ನೆಯ ಎರಡು ವಾಕ್ಯ. ಉಕ್ತಲೇಖನವಾದರೂ ಸರಿ, ಬಾಯಲ್ಲಿ ಹೇಳಿಸಿದರೂ ಸರಿ. ಐದು ನಿಮಿಷ ಕಳೆದ ತಿಂಗಳಿನದು. ಆಮೇಲೆ ಹೊಸ ಪಾಠ, ಒಂದೇ ಪ್ಯಾರಾ. ದಿನಕ್ಕೆ ನಾಲ್ಕು ಪದ ಎಂದರೆ ನಗಬೇಡಿ. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಆರರಿಂದ ಎಂಟನೆಯ ತರಗತಿಗೆ ವರ್ಷಕ್ಕೆ 220 ಕೆಲಸದ ದಿನಗಳಿರಬೇಕು. ಮೂರು ವರ್ಷಕ್ಕೆ 660 ದಿನ, 2,640 ಪದ. ಮೂರರಲ್ಲಿ ಒಂದು ಮರೆತರೂ 1,760 ಉಳಿಯುತ್ತದೆ. ಅದೇ ವೆಸ್ಟ್ ಸಾಹೇಬರು 1953ರಲ್ಲಿ ಪ್ರಕಟಿಸಿದ ಅತ್ಯಗತ್ಯ ಇಂಗ್ಲಿಷ್ ಪದಗಳ ಪಟ್ಟಿಯಲ್ಲಿರುವುದು ಸುಮಾರು 2,000 ಪದಗಳು.

ವ್ಯಾಕರಣದ ಬಗ್ಗೆ ಒಂದೇ ಉದಾಹರಣೆ ಕೊಡುತ್ತೇನೆ. ನಾನು ನಿನ್ನೆ ಹೋಗಲಿಲ್ಲ ಎನ್ನುವುದನ್ನು ಮಕ್ಕಳು ‘ಐ ಡಿಡ್ ನಾಟ್ ವೆಂಟ್’ ಎಂದು ಬರೆಯುತ್ತಾರೆ. ತಪ್ಪು ಎಂದು ಹತ್ತು ಸಲ ಬರೆಸಿದರೂ ಹನ್ನೊಂದನೆಯ ಸಲ ವೆಂಟ್ ಬರುತ್ತದೆ. ಅದರ ಬದಲು ಮಗುವಿಗೆ ಹೀಗೆ ಕೇಳಿ: ಕನ್ನಡದಲ್ಲಿ ಹೋದೆ ಎನ್ನುತ್ತೀಯ. ಇಲ್ಲ ಸೇರಿಸುವಾಗ ‘ಹೋದಲಿಲ್ಲ’ ಎನ್ನುತ್ತೀಯಾ? ಮಗು ನಗುತ್ತದೆ. ಇಲ್ಲ ಸರ್, ಹೋಗಲಿಲ್ಲ. ಹಾಗಾದರೆ ‘ಡಿಡ್ ನಾಟ್ ವೆಂಟ್’ ಎಂದರೆ ಹೋದಲಿಲ್ಲ ಎಂದ ಹಾಗೆ! ಆ ನಗುವಿನ ಜೊತೆ ನಿಯಮ ಒಳಗೆ ಹೋಗುತ್ತದೆ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡದ ಒಂದು ಪದವೂ ಕೇಳಬಾರದು ಎನ್ನುವ ಶಾಲೆಗಳ ಬಗ್ಗೆ ನನಗೆ ಗೌರವವಿದೆ, ಒಪ್ಪಿಗೆಯಿಲ್ಲ. ನಮ್ಮ ಮನೆಗಳ ಭಾಷೆ ಬ್ಯಾರಿಯಾಗಲಿ, ಉರ್ದುವಾಗಲಿ, ಕನ್ನಡವಾಗಲಿ, ಎಲ್ಲದರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಕರ್ತೃವಿನ ಬೆನ್ನಿಗೇ ಬರುತ್ತದೆ. ಈ ಒಂದು ವ್ಯತ್ಯಾಸವನ್ನು ಮಗುವಿಗೆ ಮನೆಯ ಮಾತಿನಲ್ಲೇ ತೋರಿಸಿಕೊಟ್ಟರೆ ಅರ್ಧ ದಾರಿ ಕಳೆದಂತೆ.

ಉಚ್ಚಾರಣೆಯಲ್ಲಂತೂ ನಮ್ಮ ಮಕ್ಕಳಿಗೆ ಯಾರೂ ಲೆಕ್ಕ ಹಿಡಿಯದ ಒಂದು ಬಂಡವಾಳವಿದೆ. ಝೂ, ಫ್ಯಾನ್, ಥಿಂಕ್, ದಿಸ್, ವಿಂಡೋ ಈ ಪದಗಳ ಮೊದಲ ಧ್ವನಿಗಳು ಕನ್ನಡದವಲ್ಲ. ಕನ್ನಡ ಅಕ್ಷರದಲ್ಲಿ ಬರೆದರೂ ಸರಿಯಾಗಿ ಕೂರುವುದಿಲ್ಲ. ಆದರೆ ತಜ್ವೀದ್ ಕಲಿತ ಮಗುವಿನ ನಾಲಿಗೆಗೆ ಇವೆಲ್ಲ ಪರಿಚಿತ. ಮೂರು ಚುಕ್ಕೆಯ ಅಕ್ಷರಕ್ಕೆ ಉಸ್ತಾದರು ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಡಿಸುತ್ತಾರಲ್ಲ, ಅದೇ ಥಿಂಕ್ ಪದದ ಧ್ವನಿ. ಚುಕ್ಕೆ ಇಟ್ಟ ದಾಲ್ ಇದೆಯಲ್ಲ, ಅದೇ ದಿಸ್. ತುಟಿ ದುಂಡಗೆ ಮಾಡಿ ಹೇಳುವ ವಾವ್ ಅಕ್ಷರವೇ ವಿಂಡೋ. ಇಂಗ್ಲಿಷ್ ಟೀಚರಿಗೆ ಇದು ಗೊತ್ತಿರುವುದಿಲ್ಲ, ಉಸ್ತಾದರಿಗೆ ಇಂಗ್ಲಿಷಿನ ಕಡೆ ಗಮನವಿಲ್ಲ. ಇಬ್ಬರನ್ನೂ ಒಂದು ಸಂಜೆ ಒಂದೇ ಬೆಂಚಿನಲ್ಲಿ ಕೂರಿಸಿ ಚಹಾ ಕೊಡುವ ಕೆಲಸವನ್ನು ಸಂಘ ಮಾಡಬಹುದು.

ಈಗ ಮನೆಯ ಮಾತು. ‘ನಮಗೆ ಇಂಗ್ಲಿಷ್ ಬರುವುದಿಲ್ಲ, ನಾವೇನು ಹೇಳಿಕೊಡುವುದು?’ ಎಂದು ತಾಯಂದಿರು ಕೇಳುತ್ತಾರೆ. ಹೇಳಿಕೊಡಬೇಡಿ, ಕೇಳಿಸಿಕೊಳ್ಳಿ. ಮಗು ಇಂದಿನ ಪ್ಯಾರಾವನ್ನು ಗಟ್ಟಿಯಾಗಿ ಓದಲಿ. ಅನಂತರ ಪುಸ್ತಕ ಮುಚ್ಚಿಸಿ, ಇದರಲ್ಲಿ ಏನಿದೆ ಹೇಳು ಎಂದು ನಿಮ್ಮ ಮನೆಯ ಭಾಷೆಯಲ್ಲಿ ಕೇಳಿ. ಕಥೆಗೆ ತಲೆಬುಡ ಇದೆಯೇ ಇಲ್ಲವೇ ಎಂದು ತಿಳಿಯಲು ಇಂಗ್ಲಿಷ್ ಬೇಕಿಲ್ಲ. ಆಗ ಹೋದ, ಆಮೇಲೆ ಏನೋ ಆಯಿತು ಎಂದು ಮಗು ತಡವರಿಸಿದರೆ ಅದಕ್ಕೆ ಅರ್ಥವಾಗಿಲ್ಲ, ಅಷ್ಟೇ. ನಾಳೆ ಟೀಚರನ್ನು ಕೇಳು ಎಂದು ಪುಟದ ಅಂಚಿನಲ್ಲಿ ಒಂದು ಗೆರೆ ಹಾಕಿಸಿ. ಗಲ್ಫಿನಲ್ಲಿರುವ ತಂದೆಗೆ ವಾರಕ್ಕೊಮ್ಮೆ ಮಗು ಒಂದು ಪ್ಯಾರಾ ಓದಿ ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳುಹಿಸಲಿ. ಕೆಲಸದ ಜಾಗದಲ್ಲಿ ಇಂಗ್ಲಿಷಿಗಾಗಿ ತಾವು ಪಟ್ಟ ಪಾಡು ನೆನಪಿರುವ ತಂದೆಯರು ಅದನ್ನು ಕೇಳದೆ ಇರಲಾರರು.

ಹೊತ್ತು ಎಷ್ಟು? ಕೇಂದ್ರ ಸರಕಾರದ 2020ರ ಶಾಲಾ ಚೀಲ ನೀತಿಯಲ್ಲಿ ಆರರಿಂದ ಎಂಟನೆಯ ತರಗತಿಗೆ ಹೋಂವರ್ಕು ದಿನಕ್ಕೆ ಒಂದು ಗಂಟೆ ಮೀರಬಾರದು ಎಂದಿದೆ, ಎಲ್ಲ ವಿಷಯ ಸೇರಿ. ಇಂಗ್ಲಿಷಿಗೆ ಹದಿನೈದು ನಿಮಿಷ ಸಾಕು. ಐದು ನಿಮಿಷ ಗಟ್ಟಿ ಓದು, ಐದು ನಿಮಿಷ ಅರ್ಥ ಹೇಳುವುದು, ಉಳಿದ ಐದರಲ್ಲಿ ಸ್ವಂತದ ಎರಡು ವಾಕ್ಯ.

ವಿದ್ಯಾರ್ಥಿಗಳೇ, ಆ ಎರಡು ವಾಕ್ಯ ನಿಮ್ಮದೇ ಆಗಿರಲಿ. ನಿನ್ನೆ ಮನೆಯಲ್ಲಿ ಏನು ಅಡಿಗೆ ಆಯಿತು, ಬಸ್ಸು ಏಕೆ ತಡವಾಯಿತು, ಮಳೆಗೆ ಯಾರ ಕೊಡೆ ಹಾರಿತು, ಏನಾದರೂ ಬರೆಯಿರಿ. ಅದು ಯಾವ ಗೈಡಿನಲ್ಲೂ ಇಲ್ಲ. ನಿಮ್ಮ ಮನೆಯಲ್ಲಿ ನಿನ್ನೆ ಮೀನು ಸಾರು ಆಗಿತ್ತೆಂದು ಯಾವ ಮೊಬೈಲಿಗೂ ತಿಳಿಯದು. ತಪ್ಪಾದರೆ ಆಗಲಿ, ಎಂಟು ಪುಸ್ತಕದ ಸರದಿಯಲ್ಲಿ ನಿಮ್ಮದು ಬಂದಾಗ ಟೀಚರು ತಿದ್ದುತ್ತಾರೆ. ಕಾಗುಣಿತಕ್ಕೂ ಹತ್ತು ಸಲ ನಕಲು ಬೇಡ. ಪದವನ್ನು ನೋಡಿ, ಮುಚ್ಚಿ, ಬರೆಯಿರಿ, ತೆರೆದು ಸರಿ ನೋಡಿ. ಇಂಗ್ಲಿಷ್ ನಮ್ಮ ಕನ್ನಡದಂತೆ ನುಡಿದಂತೆ ಬರೆಯುವ ಭಾಷೆಯಲ್ಲ, ಅದರ ಪದಗಳನ್ನು ಕಣ್ಣಿನಿಂದಲೂ ಕಲಿಯಬೇಕು.

ಕೊನೆಗೆ ಸಂಘದವರಲ್ಲಿ ಎರಡು ಬೇಡಿಕೆ. ಪ್ರತಿಭಾ ಪುರಸ್ಕಾರಕ್ಕೆ ಕೊಡುವ ಫಲಕಗಳ ಖರ್ಚಿನಲ್ಲಿ ಈ ವರ್ಷ ಇಂಗ್ಲಿಷ್-ಕನ್ನಡ ನಿಘಂಟುಗಳನ್ನು ತರಿಸಿ, ಮೊದಲ ಸ್ಥಾನ ಬಂದವರಿಗಿಂತ ಮೊದಲು ಮನೆಯಲ್ಲಿ ಒಂದೂ ಪುಸ್ತಕವಿಲ್ಲದ ಮಕ್ಕಳಿಗೆ ಕೊಡಿ. ಇನ್ನೊಂದು, ಸಂಘದ ಈ ಕೊಠಡಿ. ಅಸರ್ ನಮಾಝಿನಿಂದ ಮಗ್ರಿಬ್‌ವರೆಗೆ ಇದಕ್ಕೆ ಬೀಗ ಬಿದ್ದಿರುತ್ತದೆ. ದೀಪವಿದೆ, ಫ್ಯಾನಿದೆ, ಬೆಂಚುಗಳಿವೆ. ಮನೆಯಲ್ಲಿ ಕುಳಿತು ಓದಲು ಮೂಲೆ ಇಲ್ಲದ ಮಕ್ಕಳಿಗೆ ಆ ಒಂದು ಗಂಟೆ ಇದನ್ನು ತೆರೆದಿಡಿ. ಹೆಣ್ಣುಮಕ್ಕಳಿಗೆ ಮೂರು ದಿನ, ಗಂಡುಮಕ್ಕಳಿಗೆ ಮೂರು ದಿನ. ಪದವಿ ಓದುತ್ತಿರುವ ಇಬ್ಬರು ವಿದ್ಯಾರ್ಥಿನಿಯರು ಬಂದು ಕೂರಲು ಒಪ್ಪಿದ್ದಾರೆ. ಬೀಗದ ಕೈ ಯಾರ ಹತ್ತಿರ ಇದೆಯೋ ಅವರು ಸಭೆ ಮುಗಿದ ಮೇಲೆ ದಯವಿಟ್ಟು ನನ್ನನ್ನು ಕಾಣಿ.