ದಂಡ ಬೊಕ್ಕಸಕ್ಕೆ, ನಷ್ಟ ಯಾರಿಗೆ?

(ಅಂದೋಲಾದಲ್ಲಿ ಮಾಡಿದ ಭಾಷಣ)



ನಮ್ಮ ಜಿಲ್ಲೆಯ ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ತಯಾರಾಗುತ್ತದೆ. ಆದರೂ ಅಂದೋಲಾದಲ್ಲಿ ಮನೆ ಕಟ್ಟುವವನು ಅದರ ಬೆಲೆಯನ್ನು ಪ್ರಶ್ನಿಸಲಾರ.

ಬಿಲ್ಡರ್ಸ್ ಅಸೋಸಿಯೇಷನ್ ಆಫ್ ಇಂಡಿಯಾದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2012ರಲ್ಲಿ, ಹನ್ನೊಂದು ಸಿಮೆಂಟ್ ಕಂಪನಿಗಳು ಒಳಒಪ್ಪಂದದಿಂದ ಪೂರೈಕೆ ಕುಗ್ಗಿಸಿ ಬೆಲೆಯೇರಿಸಿವೆಯೆಂದು ತೀರ್ಮಾನಿಸಿ ಸುಮಾರು 6,300 ಕೋಟಿ ರೂ. ದಂಡ ವಿಧಿಸಿತು. 2015ರಲ್ಲಿ ಆ ಆದೇಶ ರದ್ದಾಯಿತು. 2016ರಲ್ಲಿ ಆಯೋಗವು ಮತ್ತೆ ದಂಡ ಹಾಕಿತು. 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ಅದನ್ನು ಎತ್ತಿಹಿಡಿಯಿತು. ಕಂಪನಿಗಳು ಸುಪ್ರೀಂ ಕೋರ್ಟಿನ ಮೊರೆಹೊಕ್ಕವು.

ದಂಡದ ಹಣ ಸೇರುವುದು ಸರಕಾರದ ಬೊಕ್ಕಸಕ್ಕೆ. ಚೀಲವೊಂದಕ್ಕೆ ಹೆಚ್ಚು ತೆತ್ತವನಿಗೆ ಅದರಲ್ಲಿ ಪಾಲಿಲ್ಲ. ಅವನಿಗಿರುವ ದಾರಿ 2002ರ ಸ್ಪರ್ಧಾ ಕಾಯ್ದೆಯ 53ಎನ್ ಕಲಮು. ತಪ್ಪು ಸ್ಥಿರಪಟ್ಟ ಬಳಿಕ ಅದರನ್ವಯ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಬಹುದು. ಸಮಾನ ಹಿತವುಳ್ಳ ಅನೇಕರ ಪರವಾಗಿ ಒಬ್ಬನೇ, ಅನುಮತಿ ಪಡೆದು, ಅರ್ಜಿ ಸಲ್ಲಿಸಬಹುದು.

ಆದರೆ ನಷ್ಟವನ್ನು ರುಜುವಾತುಪಡಿಸುವ ಹೊಣೆ ಅರ್ಜಿದಾರನದು. ರಸೀದಿ ಕೇಳದೆ ಖರೀದಿಸುವ ನಾವು ಯಾವ ಪುರಾವೆಯನ್ನು ಮುಂದಿಡಬಲ್ಲೆವು? ಒಬ್ಬ ಕೂಲಿಕಾರನು ವರ್ಷಗಟ್ಟಲೆ ದಿಲ್ಲಿಗೆ ಅಲೆಯಲಾರ. ಆದ್ದರಿಂದ ರಸೀದಿ ಪಡೆಯಿರಿ, ಜೋಪಾನವಾಗಿಡಿ, ಒಗ್ಗೂಡಿರಿ. ಅನ್ಯಾಯವಾಗಿ ಪಡೆದ ಹಣವು ಅದರ ಒಡೆಯನಿಗೆ ಮರಳದಿದ್ದರೆ, ದಂಡವೆಷ್ಟೇ ದೊಡ್ಡದಾದರೂ ಅದು ಅರ್ಧ ನ್ಯಾಯ ಮಾತ್ರ.