ರೋಮನ್ ಅಂಕಿಯೂ ಮನೆಮಾತೂ

ಎಳೆಯ ಮಕ್ಕಳಿಗೆ ರೋಮನ್ ಅಂಕಿಗಳನ್ನು ಕಲಿಸುವುದು ಗಣಿತದ ಅಧ್ಯಾಪಕರ ಹೊಣೆ; ಕನ್ನಡ ಕಲಿಸಿದವನಿಗೆ ಅಲ್ಲೇನು ಕೆಲಸವೆಂದು ತಾವು ಕೇಳಬಹುದು. ಅಂಕಿಯೂ ಒಂದು ಬಗೆಯ ಬರಹವೇ. ಮಗು ಅದನ್ನು ಓದುವುದು ತನ್ನ ನುಡಿಯ ಮೂಲಕ. ಇಷ್ಟೇ ನನ್ನ ಉತ್ತರ.

ನಮ್ಮ ಬೀದರ ಜಿಲ್ಲೆಯ ಮಗು ಹಲವು ಅಂಕಿಗಳ ನಡುವೆ ಬೆಳೆಯುತ್ತದೆ. ಬೀದರ ಪಟ್ಟಣದ ಹಳೆಯ ಫಲಕಗಳಲ್ಲಿ ಉರ್ದು ಅಂಕಿ, ಭಾಲ್ಕಿ ಔರಾದಗಳ ಮನೆಗಳ ಮರಾಠಿ ಪಂಚಾಂಗದಲ್ಲಿ ದೇವನಾಗರಿ ಅಂಕಿ, ಕನ್ನಡ ಪುಸ್ತಕದಲ್ಲಿ ಕನ್ನಡ ಅಂಕಿ. ರೂಪ ಬೇರೆಯಾದರೂ ಇವುಗಳ ತತ್ತ್ವ ಒಂದೇ: ಒಂಬತ್ತು ಅಂಕಿ, ಒಂದು ಸೊನ್ನೆ, ಸ್ಥಾನಕ್ಕೆ ತಕ್ಕ ಬೆಲೆ. ರೋಮನ್ ಬರಹದಲ್ಲಾದರೋ ಸೊನ್ನೆಯಿಲ್ಲ, ಸ್ಥಾನಬೆಲೆಯಿಲ್ಲ. ಕೂಡುವುದು, ಕಳೆಯುವುದು ಮಾತ್ರ ಉಂಟು. ಈ ಭೇದವನ್ನು ತಿಳಿಸದೆ ಇಪ್ಪತ್ತರವರೆಗೆ ಬಾಯಿಪಾಠ ಮಾಡಿಸಿದರೆ, ಇಪ್ಪತ್ತೊಂಬತ್ತು ಬಂದಾಗ ಮಗು ತಬ್ಬಿಬ್ಬಾಗುತ್ತದೆ.

ಕಲಿಸಲು ತೊಗರಿಯ ಕಡ್ಡಿಗಳೇ ಸಾಕು. ಒಂದು, ಎರಡು, ಮೂರು ಕಡ್ಡಿಗಳನ್ನು ನೆಟ್ಟಗೆ ಸಾಲಾಗಿ ಇಡಿಸಿರಿ. ಎರಡು ಕಡ್ಡಿಗಳ ಬುಡ ಕೂಡಿಸಿ ತುದಿ ಅಗಲಿಸಿದರೆ ಐದು. ಒಂದರ ಮೇಲೊಂದನ್ನು ಓರೆಯಾಗಿ ಹಾಯಿಸಿದರೆ ಹತ್ತು. ಐದರ ಬಲಕ್ಕೆ ಒಂದು ಕಡ್ಡಿಯಿಟ್ಟರೆ ಆರು, ಎಡಕ್ಕಿಟ್ಟರೆ ನಾಲ್ಕು. ಹತ್ತರ ಬಲಕ್ಕಿಟ್ಟರೆ ಹನ್ನೊಂದು, ಎಡಕ್ಕಿಟ್ಟರೆ ಒಂಬತ್ತು. ಕೈಗೆ ರೂಢಿಯಾದ ಮೇಲೆ ಪಾಟಿಯ ಮೇಲೆ ಬರೆಯಲಿ.

‘ಎಡಕ್ಕಿಟ್ಟರೆ ಕಡಿಮೆಯೇಕೆ?’ ಎಂದು ಮಗು ಕೇಳಿಯೇ ಕೇಳುತ್ತದೆ. ಉತ್ತರ ಅದರ ಮನೆಯಲ್ಲಿಯೇ ಇದೆ. ಹತ್ತೊಂಬತ್ತಕ್ಕೆ ಮರಾಠಿಯಲ್ಲಿ ‘ಏಕೋಣೀಸ’, ಉರ್ದುವಿನಲ್ಲಿ ‘ಉನ್ನೀಸ್’. ಎರಡರ ಮೂಲದಲ್ಲಿಯೂ ಇರುವುದು ಇಪ್ಪತ್ತಕ್ಕೆ ಒಂದು ಊನ ಎಂಬ ಅರ್ಥ. ನಮ್ಮ ‘ಒಂಬತ್ತು’ ಶಬ್ದದಲ್ಲಿಯೂ ಹತ್ತು ಅಡಗಿದೆ. ಹತ್ತಕ್ಕೆ ಒಂದು ಕಡಿಮೆಯೆಂದೇ ಅನೇಕ ವಿದ್ವಾಂಸರು ಅದನ್ನು ಬಿಡಿಸುತ್ತಾರೆ. ರೋಮನ್ ಬರಹದ ಹತ್ತೊಂಬತ್ತಿನಲ್ಲಿ ಮೊದಲು ಹತ್ತು, ಅದರ ಬಲಕ್ಕೆ ಒಂಬತ್ತು. ಕನ್ನಡದ ಮಗು ‘ಹತ್ತೊಂಬತ್ತು’ ಎಂದು ಉಚ್ಚರಿಸುವ ಕ್ರಮವೂ ಅದೇ! ಇಪ್ಪತ್ತೊಂಬತ್ತಕ್ಕೆ ಇನ್ನೊಂದು ಹತ್ತನ್ನು ಮುಂದಿಟ್ಟರಾಯಿತು.

ಹಲವು ಗಡಿಯಾರಗಳ ಮುಖದಲ್ಲಿ ನಾಲ್ಕಕ್ಕೆ ನಾಲ್ಕು ಗೆರೆಗಳಿರುತ್ತವೆ. ಹಾಗೆ ಬರೆದ ಮಗುವನ್ನು ಗದರಬಾರದು. ಪ್ರಾಚೀನ ರೋಮನರೂ ಹಾಗೆ ಬರೆಯುತ್ತಿದ್ದುದುಂಟು. ಶಾಲೆಯ ಕ್ರಮ ಬೇರೆಯೆಂದು ತಿಳಿಸಿದರೆ ಸಾಕು.

ಹೈದರಾಬಾದ್ ಸಂಸ್ಥಾನದ ದಿನಗಳಲ್ಲಿ ಇಲ್ಲಿಯ ಎಷ್ಟೋ ಮಕ್ಕಳು ಮನೆಮಾತನ್ನು ಶಾಲೆಯ ಬಾಗಿಲಲ್ಲೇ ಬಿಟ್ಟು ಉರ್ದುವಿನಲ್ಲಿ ಕಲಿಯಬೇಕಾಗಿತ್ತು. ೧೯೪೮ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು; ೧೯೫೬ರಲ್ಲಿ ಬೀದರ ಕನ್ನಡ ನಾಡಿಗೆ ಸೇರಿತು. ಆದರೂ ಒಂದೇ ತರಗತಿಯಲ್ಲಿ ಹಲವು ಮನೆಮಾತುಗಳಿರುವುದನ್ನು ತೊಡಕೆಂದು ಬಗೆಯುವವರು ಇಂದಿಗೂ ಇದ್ದಾರೆ. ನನಗೆ ಅದು ಸಂಪತ್ತಾಗಿಯೇ ತೋರುತ್ತದೆ. ಅಧ್ಯಾಪಕರು ಈ ಪಾಠಕ್ಕೆ ಮುನ್ನ ಒಂದೇ ಪ್ರಶ್ನೆ ಕೇಳಲಿ: ‘ನಿಮ್ಮ ಮನೆಯಲ್ಲಿ ಹತ್ತೊಂಬತ್ತಕ್ಕೆ ಏನೆನ್ನುತ್ತೀರಿ?’